ಬೀಗರ ಎಲೆ ತುಳಿದ ವೈದ್ಯ

ಮಠದಲ್ಲಿ ವೈದ್ಯವಿದ್ಯೆ ಕಲಿಯುತ್ತಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: “ಗುರುಗಳೇ, ನಿನ್ನೆ ತಮ್ಮ ಪ್ರವಚನದ ನಡುವೆ ಒಬ್ಬ ಮುದುಕಿ ಕುಸಿದು ಬಿದ್ದಳು. ತಾವು ಮಾತು ನಿಲ್ಲಿಸಿದಿರಿ. ತಮ್ಮ ಮುಂದೆ ಶಿಸ್ತು ತಪ್ಪಬಾರದೆಂದು ನಾನು ಕುಳಿತಲ್ಲಿಂದ ಕದಲಲಿಲ್ಲ. ಕೊನೆಗೆ ಪಕ್ಕದ ಹೆಂಗಸರೇ ಆರೈಕೆ ಮಾಡಿ ಅವಳನ್ನು ಎಬ್ಬಿಸಿದರು. ನಾನು ಮಾಡಿದ್ದು ಸರಿಯಲ್ಲವೇ?”

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ವೈದ್ಯನಿದ್ದ. ಅಂದು ಅವನ ಮಗಳ ಮದುವೆ. ಹೆಣ್ಣಿನ ತಂದೆ ಎಂದರೆ ಗೊತ್ತಲ್ಲ, ಬಗ್ಗಿದ ಬೆನ್ನು ಏಳುವಂತಿಲ್ಲ. ಊಟದ ಪಂಕ್ತಿಯ ಮುಂದೆ ಕೈಮುಗಿದು, “ಸಾವಕಾಶ ಆಗಲಿ, ಸಾವಕಾಶ ಆಗಲಿ” ಎನ್ನುತ್ತ ಓಡಾಡುತ್ತಿದ್ದ. ಗೋಧೂಳಿ ಮುಹೂರ್ತ, ಅಕ್ಷತೆ ಇನ್ನೂ ಬಿದ್ದಿರಲಿಲ್ಲ. ಗಂಡಿನ ತಂದೆ, ಆ ಬೀಗರು, ಭಾರೀ ಮರ್ಯಾದೆಯ ಮನುಷ್ಯರು. ಕಾಲಿಗೆ ನೀರು ಕೊಡುವುದು ತಡವಾಯಿತೆಂದು ಬೆಳಿಗ್ಗೆ ಒಮ್ಮೆ ಮುನಿದು ಹೊರಟೇಬಿಟ್ಟಿದ್ದರು. ವೈದ್ಯ ಕಾಲು ಹಿಡಿದು ಕರೆತಂದಿದ್ದ.

ಬೀಗರಿಗೆ ಒತ್ತಾಯ ಮಾಡಿ ಸಿಹಿ ತಿನ್ನಿಸುವುದು ಪದ್ಧತಿ. ಬೇಡವೆಂದರೂ ಬಿಡದೆ ಹೆಣ್ಣಿನ ಕಡೆಯವರು ಒಂದು ಅಂಟಿನ ಉಂಡೆಯನ್ನು ಇಡಿಯಾಗಿ ಅವರ ಬಾಯಿಗೆ ತುರುಕಿದರು. ಬೀಗರು ನಕ್ಕರು. ನಗು ಅರ್ಧಕ್ಕೇ ನಿಂತಿತು.

“ನೆತ್ತಿಗೆ ಹತ್ತೇತಿ! ಯಾರೋ ನೆನಸಾಕತ್ತಾರ,” ಎಂದು ಬೀಗರ ತಮ್ಮ ಅವರ ನೆತ್ತಿ ತಟ್ಟಿದ. ಪಂಕ್ತಿಯೆಲ್ಲ ನಕ್ಕಿತು.

ವೈದ್ಯ ಮಾತ್ರ ಕಿವಿಗೊಟ್ಟ. ನೆತ್ತಿಗೆ ಹತ್ತಿದವನು ಕೆಮ್ಮುತ್ತಾನೆ. ಇವರು ಕೆಮ್ಮುತ್ತಿರಲಿಲ್ಲ. ಬಾಯಿ ತೆರೆದಿತ್ತು, ಸದ್ದಿರಲಿಲ್ಲ. ತುಟಿ ನೀಲಿಯಾಗುತ್ತಿತ್ತು.

ನಡುವೆ ಇದ್ದದ್ದು ಬೀಗರ ಎಲೆ. ಉಣ್ಣುವ ಎಲೆಯನ್ನು ತುಳಿದರೆ ಮದುವೆ ಮುರಿದುಬಿದ್ದಂತೆಯೇ. ಮಗಳ ಮುಖ ವೈದ್ಯನ ಕಣ್ಣ ಮುಂದೆ ಬಂತು. ಸುತ್ತಿ ಹೋಗೋಣವೆಂದರೆ ಪಂಕ್ತಿ ಉದ್ದವಿತ್ತು. ಅವನು ಪಾಯಸದ ಮೇಲೇ ಕಾಲಿಟ್ಟು ದಾಟಿದ. ಬೀಗರನ್ನು ಎತ್ತಿ ನಿಲ್ಲಿಸಿ, ಹಿಂದಿನಿಂದ ತಬ್ಬಿ, ಹೊಕ್ಕುಳಿಗಿಂತ ತುಸು ಮೇಲೆ ಮುಷ್ಟಿ ಊರಿದ.

“ಎಲಿ ತುಳದ ಮನಿ ಹೆಣ್ಣು ನಮಗ ಬ್ಯಾಡ! ಏಳ್ರಿ ಎಲ್ಲಾರೂ!” ತಮ್ಮ ಕೂಗಿದ.

ವೈದ್ಯ ಮುಷ್ಟಿಯನ್ನು ಒಳಕ್ಕೂ ಮೇಲಕ್ಕೂ ಜಗ್ಗಿದ. ಏನೂ ಆಗಲಿಲ್ಲ. ಇನ್ನೊಮ್ಮೆ ಜಗ್ಗಿದ. ಬೀಗರ ಕತ್ತು ಜೋತುಬಿತ್ತು. ಮೂರನೆಯ ಸಲ ಮೈಯಲ್ಲಿದ್ದ ಬಲವನ್ನೆಲ್ಲ ಹಾಕಿದ. ಉಂಡೆಯ ತುಂಡು ಹಾರಿ ಆ ತಮ್ಮನ ಎಲೆಯ ಮೇಲೇ ಬಿತ್ತು. ಬೀಗರು ಕೆಮ್ಮಿದರು. ಆಹಾ, ಅದೆಂಥ ಕೆಮ್ಮು! ಚಪ್ಪರವೇ ಅದುರಿತು. ವಾದ್ಯದವರು ಯಾರೂ ಹೇಳದೆಯೇ ಶಹನಾಯಿ ಎತ್ತಿಕೊಂಡರು.

ಸುಧಾರಿಸಿಕೊಂಡ ಬೀಗರು ತುಳಿದ ಎಲೆಯನ್ನು ನೋಡಿದರು. ಪಾಯಸ ಮೆತ್ತಿದ ವೈದ್ಯನ ಪಾದವನ್ನು ನೋಡಿದರು. ವೈದ್ಯ ಮತ್ತೆ ಕೈಮುಗಿದು ನಿಂತಿದ್ದ. ಬೀಗರು ಆ ಕೈಗಳನ್ನು ಬಿಡಿಸಿ ಹಿಡಿದುಕೊಂಡರು.

“ಎರಡು ಎಲಿ ಹಾಕ್ರಿ,” ಎಂದರು. “ನನ್ನ ಬಾಜೂಕ ಇವರು ಉಣ್ಣಾಕ ಕುಂತರನ ನಾನು ಉಣ್ಣಾಂವ.”

ಸಂಜೆ ಅಕ್ಷತೆ ಬಿತ್ತು. ಎಲ್ಲರಿಗಿಂತ ಮೊದಲು, ಎರಡೂ ಕೈ ತುಂಬ ಹಾಕಿದವನು ಬೀಗರ ತಮ್ಮ.

ಕತೆ ಕೇಳಿ ಶಿಷ್ಯ ಹಿಗ್ಗಿ, “ವೈದ್ಯನೆಂದರೆ ಅವನು, ಗುರುಗಳೇ!” ಎಂದ.

ಗುರುಗಳು ಹೇಳಿದರು: “ನಿನ್ನೆ ನಾನು ಮಾತು ನಿಲ್ಲಿಸಿದ್ದು ನೀನು ಎದ್ದು ಹೋಗಲಿ ಎಂದು.”