ಬ್ರೇಕಿಗೆ ಇಟ್ಟ ಕುಂಕುಮ

ನನ್ನ ಇಪ್ಪತ್ತನೇ ವಯಸ್ಸಿನಲ್ಲಿ, ನಾನೇ ಬ್ರೇಕು ಸರಿಮಾಡಿದ ಜಮೀನ್ದಾರರ ಕಾರಿನ ಎದುರು ನಾನೇ ಹೋಗಿ ನಿಂತೆ. ಅರವತ್ತು ಮೈಲಿ ವೇಗದಲ್ಲಿ ಬಂದ ಕಾರು ನನ್ನ ಪಂಚೆಯ ಅಂಚು ಸವರಿ ನಿಂತಿತು. ನಾನು ರೆಪ್ಪೆ ಬಡಿಯಲಿಲ್ಲ. ಜಮೀನ್ದಾರರು ಹೋದರು, ಡ್ರೈವರ್ ಹೋದ, ಕಾರು ಗುಜರಿಗೆ ಹೋಯಿತು. ಸುಳ್ಳು ಅನ್ನುವವರು ಯಾರಾದರೂ ಉಳಿದಿದ್ದರೆ ಬರಲಿ.

ಈ ಸಂಗತಿ ಕೇಳಿಯೇ ವಾಮದೇವಪ್ಪ ಮೇಷ್ಟ್ರು ನನ್ನನ್ನು ಹುಡುಕಿಕೊಂಡು ಬಂದದ್ದು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿದವರು, ಮೂರನೇ ಕ್ಲಾಸು ದಾಟದ ನನ್ನನ್ನು ಗುರುಗಳೇ ಅಂದರು. ಶಿಷ್ಯ ಸಿಕ್ಕ ಮೇಲೆ ಗುರು ಆಗದೆ ಇರೋಕಾಗುತ್ತಾ? ಆದೆ.

ಹೊಳೆದಂಡೆಯ ಅವರ ಮನೆಯಲ್ಲಿ ಎರಡೇ ಸೀಟಿನ ಕೆಂಪು ಸ್ಪೋರ್ಟ್ಸ್ ಕಾರು ಇತ್ತು. ನಿವೃತ್ತಿಯಾದ ಮೇಲೆ ಹಳೆಯದನ್ನು ಕೊಂಡಿದ್ದರು. ಮಳೆಗಾಲದ ನಾಲ್ಕು ತಿಂಗಳು ಅದು ಟಾರ್ಪಾಲಿನ ಕೆಳಗೆ ಮಲಗಿತ್ತು. ಆಯುಧಪೂಜೆಯೊಳಗೆ ಅದರ ಕೆಲಸವನ್ನೆಲ್ಲ ಕೈಯಾರೆ ಮಾಡಿ ಮುಗಿಸಬೇಕು, ಹಬ್ಬದ ದಿನ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೋಗಬೇಕು. ಅವರ ಆಸೆ ಅಷ್ಟೇ.

ಹೆಂಡತಿ ನೀಲಾಂಬಿಕೆಯವರು ಒಂದು ಸಲವೂ ಅದರಲ್ಲಿ ಕೂತಿರಲಿಲ್ಲ. ಮೇಷ್ಟ್ರು ಬಿಚ್ಚಿದ ಮಿಕ್ಸಿ, ಗೋಡೆ ಗಡಿಯಾರ, ಬಾವಿಯ ಪಂಪು, ಯಾವುದೂ ಮತ್ತೆ ಓಡಿದ್ದಿಲ್ಲವಂತೆ. ಈ ಹಬ್ಬಕ್ಕೆ ಕೂರುತ್ತೇನೆ, ಅವತ್ತೂ ಏನಾದರೂ ಕೆಟ್ಟರೆ ಕಾರು ಮಾರಬೇಕು ಅಂತ ಮಾತು ತಗೊಂಡಿದ್ದರು.

ನಾನು ಮೊದಲ ದಿನವೇ ಸ್ಟೂಲಿನ ಮೇಲೆ ಕೂತು ಹೇಳಿದೆ. "ಬಾಯಿ ನನ್ನದು, ಕೈ ನಿಮ್ಮದು."

ಮೇಷ್ಟ್ರು ಎಂಜಿನ್ ಆಯಿಲ್ ಇಳಿಸಿ ಹೊಸದು ತುಂಬಿದರು. ಬ್ಯಾಟರಿಯ ಮೇಲಿನ ಹಸಿರು ಕಿಲುಬು ಬಿಸಿನೀರಲ್ಲಿ ತೊಳೆದರು. ಏರ್ ಫಿಲ್ಟರಿನಲ್ಲಿ ಇಲಿ ಗೂಡು ಕಟ್ಟಿತ್ತು. ನಾನು ಒಮ್ಮೆ ಲಾರಿಯ ಸೈಲೆನ್ಸರಿನಿಂದ ಹೆಬ್ಬಾವು ಎಳೆದು ತೆಗೆದದ್ದನ್ನು ಹೇಳಿದೆ. ಮೇಷ್ಟ್ರು ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಬ್ರೇಕ್ ಪ್ಯಾಡುಗಳು ಇನ್ನೂ ದಪ್ಪ ಇದ್ದವು ಅಂತ, ಹೊಸದಾಗಿ ತಂದವುಗಳನ್ನು ಕಪಾಟಿನಲ್ಲಿ ಇಟ್ಟರು.

ಒಂದೊಂದು ಬೋಲ್ಟು ಬಿಗಿ ಮಾಡಿದಾಗಲೂ ನನ್ನ ಮುಖ ನೋಡುತ್ತಿದ್ದರು. "ಸರಿಯಾಯಿತಾ ಗುರುಗಳೇ?"

"ನನ್ನನ್ನೇನು ಕೇಳ್ತೀರಿ? ಪಕ್ಕದಲ್ಲಿ ಕೂರೋರು ನಾನಲ್ಲ."

ಹಬ್ಬ ಬಂತು. ನೀಲಾಂಬಿಕೆಯವರು ಅಂಗಳ ಸಾರಿಸಿ ರಂಗೋಲಿ ಹಾಕಿದರು. ಕುಂಕುಮ ಉದುರಬಾರದು ಅಂತ ಹರಳೆಣ್ಣೆಯಲ್ಲಿ ಕಲೆಸಿ ಕೊಟ್ಟರು. ಮೇಷ್ಟ್ರು ಬಾನೆಟ್ಟಿಗೆ ಇಟ್ಟರು, ಸ್ಟೀರಿಂಗಿಗೆ ಇಟ್ಟರು. ಅಂಥ ಕಾರಿನಲ್ಲಿ ಚಕ್ರದ ಕಡ್ಡಿಗಳ ಸಂದಿಯಿಂದ, ಪ್ಯಾಡು ಕಚ್ಚಿ ಹಿಡಿಯುವ ಬ್ರೇಕಿನ ತಟ್ಟೆ ಕನ್ನಡಿ ಹಾಗೆ ಹೊಳೆಯುತ್ತೆ. ಅವರಿಗೆ ಭಕ್ತಿ ಉಕ್ಕಿತು. ಒಳಗೆ ಕೈ ಹಾಕಿ, ನಾಲ್ಕೂ ತಟ್ಟೆಗೆ ಮೂರು ಬೆರಳಲ್ಲಿ ಗೆರೆ ಎಳೆದರು.

ನಾನು ನೋಡಿದೆ. ಬಾಯಿ ಬಿಡಲಿಲ್ಲ.

ಅಂಗಳದ ಆ ತುದಿಯಲ್ಲಿ ನನ್ನ ಸ್ಟೂಲು ಇಟ್ಟು ಬಂದೆ. "ಅಮ್ಮನವರು ಆಮೇಲೆ ಕೂರಲಿ. ಮೊದಲು ನೀವೊಬ್ಬರೇ ಬಂದು, ಇದಕ್ಕೆ ಒಂದು ಮಾರು ಮುಂಚೆ ನಿಲ್ಲಿಸಿ."

ಕಾರು ಹೊರಟಿತು. ಸ್ಟೂಲು ನಾಲ್ಕು ತುಂಡಾಯಿತು.

ಮೇಷ್ಟ್ರು ಇಳಿದು ಬಂದು ಕಾರಿನ ಕೀಲಿಯನ್ನು ಹೆಂಡತಿಯ ಮುಂದೆ ಹಿಡಿದರು. "ನೀನು ಹೇಳಿದ್ದೇ ಸರಿ. ಮಾರಿಬಿಡೋಣ."

ನೀಲಾಂಬಿಕೆಯವರು ಕೀಲಿ ತಗೊಳ್ಳಲಿಲ್ಲ. ಏನಾಗಿದೆ ಅಂತ ನನ್ನನ್ನು ಕೇಳಿದರು. ಬ್ರೇಕಿಗೆ ಪೂಜೆ ಮಾಡಿದವರನ್ನು ಕೇಳಿ ಅಂದೆ.

ಮೇಷ್ಟ್ರು ತಮ್ಮ ಕೆಂಪು ಬೆರಳು ನೋಡಿಕೊಂಡರು. ಉಜ್ಜಿದರು, ಜಾರಿತು. "ಮೂವತ್ತು ವರ್ಷ ಘರ್ಷಣೆಯ ಪಾಠ ಮಾಡಿದವನು ನಾನು," ಅಂದರು.

"ಎಣ್ಣೆ ಕಲೆಸಿದವಳು ನಾನು," ಅಂದರು ನೀಲಾಂಬಿಕೆ. ರೇಷ್ಮೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಜಾಕ್ ಎತ್ತಿಕೊಂಡರು.

ಇಬ್ಬರೂ ಸೇರಿ ಚಕ್ರ ಬಿಚ್ಚಿದರು. ಸ್ಪಿರಿಟ್ಟಿನಲ್ಲಿ ತಟ್ಟೆಗಳನ್ನು ಒರೆಸಿದರು. ಎಣ್ಣೆ ಕುಡಿದ ಪ್ಯಾಡುಗಳನ್ನು ತೆಗೆದು, ಕಪಾಟಿನಲ್ಲಿದ್ದ ಹೊಸ ಪ್ಯಾಡು ಹಾಕಿದರು. ಮೇಷ್ಟ್ರು ಪೆಡಲನ್ನು ನಾಲ್ಕೈದು ಸಲ ತುಳಿದು, ಅದು ಗಟ್ಟಿಯಾದದ್ದನ್ನು ಕಾಲಲ್ಲೇ ತಿಳಿದುಕೊಂಡರು. ಕೊನೆಯ ನಟ್ಟು ಬಿಗಿ ಮಾಡಿದಾಗ ನಾನು ಅವರ ಪ್ರಶ್ನೆಗೆ ಕಾದೆ. ಅವರು ನನ್ನ ಕಡೆ ತಿರುಗಲೇ ಇಲ್ಲ.

"ಸರಿಯಾಯಿತು," ಅಂದರು, ತಮ್ಮಷ್ಟಕ್ಕೆ.

ಸ್ಟೂಲು ಇರಲಿಲ್ಲವಲ್ಲ, ರಂಗೋಲಿಯ ಮೇಲೆ ನಾನೇ ಹೋಗಿ ನಿಂತೆ. ಬನ್ನಿ ಅಂದೆ. ಮೇಷ್ಟ್ರು ಒಲ್ಲೆ ಅಂದರು.

"ನಿಲ್ಲುತ್ತೋ, ಇಲ್ಲವೋ?"

"ನಿಲ್ಲುತ್ತೆ."

"ಮತ್ತೆ?"

ಅಷ್ಟರಲ್ಲಿ ಆ ಕಡೆಯ ಬಾಗಿಲು ತೆರೆದ ಸದ್ದಾಯಿತು. ನೀಲಾಂಬಿಕೆಯವರು ಒಳಗೆ ಕೂತು ಸೀಟ್ ಬೆಲ್ಟು ಎಳೆದುಕೊಳ್ಳುತ್ತಿದ್ದರು. ಯಾರೂ ಕರೆದಿರಲಿಲ್ಲ.

ಕಾರು ಬಂತು. ರಂಗೋಲಿಗೆ ಒಂದು ಮಾರು ಮುಂಚೆ, ಕಟ್ಟಿಹಾಕಿದ ಹಾಗೆ ನಿಂತಿತು. ಮೇಷ್ಟ್ರು ಸ್ಟೀರಿಂಗ್ ಮೇಲೆ ಹಣೆ ಇಟ್ಟು ನಗುತ್ತಿದ್ದರು.

ಜಮೀನ್ದಾರರ ಕಾರಿನ ಎದುರು ನಿಂತಾಗಲೂ ಹೀಗೇ, ಕಲ್ಲಿನ ಹಾಗೆ ನಿಂತಿದ್ದೆ ಅಂತ ನಾನು ಶುರು ಮಾಡಿದೆ.

ನೀಲಾಂಬಿಕೆಯವರು ಇಳಿದು ಬಂದು ನೆಲ ನೋಡಿದರು. ನಾನೂ ನೋಡಿದೆ. ರಂಗೋಲಿಯಿಂದ ಹಿಂದಕ್ಕೆ, ಸಾರಿಸಿದ ನೆಲದ ಮೇಲೆ, ಎರಡು ಬಿಳಿ ಹೆಜ್ಜೆ ಮೂಡಿದ್ದವು.

"ಅಜ್ಜ, ಅವತ್ತೂ ಹೀಗೇನಾ ನಿಂತಿದ್ದು?"

ನಾನು ಭುಜ ಹಾರಿಸಿದೆ.

"ನಂಬಿಕೆ ಇತ್ತು ತಾಯಿ. ಎರಡು ಹೆಜ್ಜೆ ಕಮ್ಮಿ ಬಿತ್ತು."