ಜೇಡಪ್ಪನ ಮಣ್ಣಿನ ಕುಡಿಕೆ

ಬಲೆ ನೇಯ್ದು ನೇಯ್ದು ಮುದಿಯಾದ ಜೇಡಪ್ಪ, ನೂಲುಗೀಲೆಲ್ಲ ಸಾಕು, ಇನ್ನು ಮಣ್ಣೇ ನನ್ನ ಮಾಧ್ಯಮ ಎಂದು ಸಾರಿಬಿಟ್ಟ. ಎಂಟು ಕಾಲಿಗೂ ಕೆಸರು ಮೆತ್ತಿಕೊಂಡು ಗೋಡೆಯ ಮೇಲೊಂದು ಸೊಟ್ಟ ಕುಡಿಕೆ ಮಾಡಿ, ಮಣ್ಣಿನ ಗೂಡು ಕಟ್ಟುವುದರಲ್ಲಿ ಹೆಸರಾದ ಕಣಜಮ್ಮನನ್ನು ಕರೆದ.

"ಮುಚ್ಚುಮರೆ ಬೇಡ ತಾಯಿ, ಹೇಗಿದೆ ಹೇಳಿ."

ಕಣಜಮ್ಮ ಒಂದು ಸುತ್ತು ಹಾರಿ ಬಂದಳು. "ಅದ್ಭುತ! ಒಂದೇ ಕೊರತೆ, ಒಳಗೆ ಜೇಡವಿಲ್ಲ. ನನ್ನ ಗೂಡಿನಲ್ಲಾದರೆ ಮರಿಗಳ ಊಟಕ್ಕೆ ಇಟ್ಟೇ ಇರುತ್ತೇನೆ. ದಯವಿಟ್ಟು ಒಳಗೆ ನಡೆಯಿರಿ."

ಜೇಡಪ್ಪ ಗೋಡೆಯಿಂದ ಧುಮುಕಿದ. ಸಾಕೆಂದು ಬಿಟ್ಟಿದ್ದ ನೂಲೇ ಅವನನ್ನು ಬಾಗಿಲ ಸಂದಿಗೆ ಇಳಿಸಿ ಉಳಿಸಿತು. ಅಲ್ಲಿ ಅಡಗಿ ಕೂತು, "ಥೂ, ನನ್ನ ಬುದ್ಧಿಗಿಷ್ಟು!" ಎಂದು ತನ್ನನ್ನೇ ಬೈದುಕೊಂಡ. ಕಾಲಿಗೆ ಮೆತ್ತಿದ ಕೆಸರು ಇನ್ನೂ ಒಣಗಿರಲಿಲ್ಲ, ಅಷ್ಟರಲ್ಲೇ ಮೆಲ್ಲಗೆ ಗೊಣಗಿದ: "ಆದರೂ ಆಯಮ್ಮ ಅದ್ಭುತ ಅಂದಳಲ್ಲ!"