ಓಟು ಹಾಕದ ಊರು

ಹೊಳೆಯ ಈಚೆ ದಂಡೆಯ ಮೇಲೆ ಒಂದು ಸಣ್ಣ ಮಠ. ಆಚೆ ದಂಡೆಯ ಮೇಲೆ ಕಡೇಕೊಪ್ಪ ಅನ್ನೋ ಊರು. ನಡುವೆ ನೀರು.

ಮಠದಲ್ಲಿ ನಿರ್ವಾಣಜ್ಜ ಇದ್ದರು. ಮಾತು ಕಡಿಮೆ. ಯಾರಾದರೂ ಏನಾದರೂ ಕೇಳಿದರೆ ಎದ್ದು ನಿಲ್ಲುತ್ತಿದ್ದರು. ಬಾ, ನೋಡೋಣ ಅನ್ನುತ್ತಿದ್ದರು.

ಈರಬಸಪ್ಪ ಅವರ ಹಳೆಯ ಶಿಷ್ಯ. ಮಠದ ಅನ್ನ ಉಂಡು, ಮಠದಲ್ಲೇ ಅಕ್ಷರ ಕಲಿತವನು. ಈಗ ಒಂದು ಪಕ್ಷದ ತಾಲೂಕು ಅಧ್ಯಕ್ಷ. ಆ ತಾಲೂಕಿನಲ್ಲಿ ಆ ಪಕ್ಷ ಸೋತದ್ದೇ ಇರಲಿಲ್ಲ. ಈ ಸಲ ಸೋತಿತು.

ಎಣಿಕೆ ಮುಗಿದ ಮೇಲೆ ಅವನು ಕಾರಿನಲ್ಲಿ ಮಠಕ್ಕೆ ಬಂದ. ಮುಖ ಇಳಿದಿತ್ತು. ಹೆಗಲ ಮೇಲಿನ ಪಕ್ಷದ ಶಾಲು ಮಾತ್ರ ಹಾಗೇ ಇತ್ತು. ಜೊತೆಗೆ ಪಕ್ಷದ ಕಾರ್ಯದರ್ಶಿ ಮಹಾರುದ್ರ.

ಅಜ್ಜ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು.

ಈರಬಸಪ್ಪ ಕಾಲು ಮುಟ್ಟಿದ. "ಸೋತ್ವಿ ಅಜ್ಜಾರ."

"ಕೇಳೇನಿ."

"ನಾಳೆ ಪಟ್ಟಣದಾಗ ಆತ್ಮಾವಲೋಕನ ಸಭಾ ಐತ್ರಿ. ಯಾಕ್ ಸೋತ್ವಿ ಅಂತ ವಿಚಾರ ಮಾಡೋದು."

"ಯಾಕ್ ಸೋತ್ರಿ?"

ಮಹಾರುದ್ರ ನಡುವೆ ಬಾಯಿ ಹಾಕಿದ. "ಕಾರಣ ಭಾಳ ಅದಾವ್ರಿ ಅಜ್ಜಾರ. ಮೊದಲನೇದು, ಮಷಿನ್ ಮ್ಯಾಲೆ ನಮಗ ಅನುಮಾನ ಐತಿ."

"ಹೋದ ಸಲ ಗೆದ್ರಲ್ಲ, ಅವಾಗ ಮಷಿನ್ ಇರಲಿಲ್ಲೇನಪಾ?"

"ಇತ್ರಿ."

"ಅವಾಗ ಅನುಮಾನ ಬಂದಿತ್ತೇನು?"

ಮಹಾರುದ್ರ ಎರಡನೇ ಕಾರಣಕ್ಕೆ ಹೋದ. ಬಿಸಿಲು ಜೋರಿತ್ತು, ಜನ ಮನೆ ಬಿಟ್ಟು ಹೊರಗೆ ಬರಲಿಲ್ಲ ಅಂದ.

"ಎದುರಿನವರ ಮಂದಿಗೆ ನೆರಳಿತ್ತೇನು?" ಅಂದರು ಅಜ್ಜ.

ಈರಬಸಪ್ಪನಿಗೆ ನಗು ಬಂತು. ಸೋತ ಮೇಲೆ ಅವನು ನಕ್ಕಿದ್ದು ಅದೇ ಮೊದಲು. ಆಮೇಲೆ ತಾನೇ ಹೇಳಿದ.

"ಖರೇ ಕಾರಣ ಬ್ಯಾರೆ ಐತ್ರಿ. ಹೊಳಿ ಆಚಿಗಿನ ಕಡೇಕೊಪ್ಪ ನಮ್ಮ ಗಟ್ಟಿ ಊರು. ಅದ ನಮ್ಮನ್ನ ಬಿಟ್ಟುಬಿಡ್ತು. ಅಲ್ಲಿ ನಮ್ಮ ಮನಿಷ್ಯಾ ಅಂದ್ರ ದ್ಯಾಮಣ್ಣ. ನಾ ಪಕ್ಷಕ್ಕ ಬರೋಕಿಂತ ಮೊದಲಿಂದ ಇದ್ದಾಂವ. ಒಳಗಿಂದೊಳಗ ಎದುರಿನವರ ಜೋಡಿ ಸೇರ್ಯಾನ ಅಂತಾರ. ನಾಳೆ ಸಭಾದಾಗ ಅವನ್ನ ಪಕ್ಷದಿಂದ ಹೊರಗ ಹಾಕಬೇಕು ಅಂತ ಎಲ್ಲಾರೂ ಹಟ ಹಿಡದಾರ."

"ಹಾಕು."

"ಹಾಕಿದ್ರ ಮನಸ್ಸು ತಡಿಯಾಂಗಿಲ್ರಿ. ಬಿಟ್ರ ನನ್ನ ಕುರ್ಚಿ ಉಳಿಯಾಂಗಿಲ್ಲ, ಪಕ್ಷಾನೂ ಒಡೀತೈತಿ. ನೀವು ಹೂಂ ಅಂದ್ರ ಧೈರ್ಯ ಬರ್ತೈತಿ. ಅದಕ್ಕ ಬಂದೇನಿ."

ಅಜ್ಜ ಮೊರ ಕೆಳಗಿಟ್ಟರು.

"ಸೇರ್ಯಾನ ಅಂತ ಯಾರ್ ಅಂದ್ರು?"

"ನಮ್ಮವರ ರೀ."

"ಕಡೇಕೊಪ್ಪದವರು ಏನಂದ್ರು?"

"ಅವರನ್ನ ಯಾರ್ ಕೇಳ್ತಾರ್ರಿ? ಓಟು ಹಾಕದವರು ಅವರು."

"ಹಂಗಾದ್ರ ಯಾಕ್ ಹಾಕಲಿಲ್ಲ ಅನ್ನೋದು ಅವರಿಗೇ ಗೊತ್ತಿರಬೇಕಲ್ಲೋ ತಮ್ಮಾ."

ಅಜ್ಜ ಎದ್ದು ನಿಂತರು. "ಬಾ, ನೋಡೂಣು."

ಮಹಾರುದ್ರನಿಗೆ ಗಾಬರಿಯಾಯಿತು. "ಈಗ ಹೋದ್ರ ಜನ ನಗ್ತಾರ್ರಿ ಅಜ್ಜಾರ."

"ನಗಲಿ. ನಿಮ್ಮಿಂದ ಅವರಿಗೆ ಒಂದೀಟು ನಗೂನೂ ಬ್ಯಾಡೇನು?"

"ಕಾರ್‌ನ್ಯಾಗರ ಹೋಗೂಣ್ರಿ. ಸೇತುವೆ ಮ್ಯಾಲಿಂದ ಸುತ್ತು ಹಾಕಿದ್ರ..."

"ನೀ ಇಲ್ಲೇ ಇರು. ಜ್ವಾಳ ಅರ್ಧಾ ಉಳದಾವ. ಹಸನ ಮಾಡು."

ಮಹಾರುದ್ರ ಮೊರ ನೋಡಿದ. ಅಜ್ಜನ ಮುಖ ನೋಡಿದ. ಕೂತ.

ಈರಬಸಪ್ಪ ಶಾಲು ಸರಿ ಮಾಡಿಕೊಂಡ.

"ಅದನ್ನ ಇಲ್ಲೇ ಬಿಡು. ಹೊಳ್ಯಾಗ ತೋಯ್ತೈತಿ," ಅಂದರು ಅಜ್ಜ.

ಬೇಸಿಗೆ. ಹೊಳೆಯಲ್ಲಿ ಮೊಣಕಾಲುದ್ದ ನೀರು. ಈರಬಸಪ್ಪ ಬೂಟು ಬಿಚ್ಚಿ, ಧೋತರ ಎತ್ತಿಕಟ್ಟಿ ಅಜ್ಜನ ಹಿಂದೆ ಇಳಿದ. ನಡುನೀರಿಗೆ ಬಂದಾಗ ಕೇಳಿದ.

"ಅಲ್ಲಿ ಹೋಗಿ ಏನ್ ಮಾತಾಡ್ಲಿ ಅಜ್ಜಾರ?"

"ಮಾತಾಡಿ ಮಾತಾಡೇ ಸೋತೀಯಲ್ಲ. ಸುಮ್ಮನಿರು."

ದ್ಯಾಮಣ್ಣ ಮನೆಯ ಮುಂದಿನ ಕಟ್ಟೆಯ ಮೇಲೆ ಇದ್ದ. ಗಡ್ಡ ಬೆಳೆದಿತ್ತು. ಅಂಗಿ ದೊಡ್ಡದಾಗಿ ಕಾಣುತ್ತಿತ್ತು. ತೊಯ್ದ ಧೋತರದಲ್ಲಿ ಬಂದವನು ಯಾರು ಅಂತ ಅವನಿಗೆ ತಟ್ಟನೆ ತಿಳಿಯಲಿಲ್ಲ. ತಿಳಿದ ಮೇಲೆ ಎದ್ದು ನಿಂತ.

"ಅಧ್ಯಕ್ಷರ! ಅಜ್ಜಾರ! ಬರ್ರಿ, ಒಳಗ ಬರ್ರಿ."

ಪಡಸಾಲೆಯಲ್ಲಿ ಜಮಖಾನೆ ಹಾಸಿದ. ಮೂವರೂ ಕೂತರು. ಗೋಡೆಯ ಮೇಲೆ ಒಬ್ಬ ಹೆಂಗಸಿನ ಫೋಟೋ ಇತ್ತು. ಅದಕ್ಕೆ ಹಾರ ಇತ್ತು.

ಈರಬಸಪ್ಪನಿಗೆ ಆಗ ನೆನಪಾಯಿತು. ಪ್ರಚಾರದ ದಿನಗಳಲ್ಲೇ ದ್ಯಾಮಣ್ಣನ ಹೆಂಡತಿ ತೀರಿಹೋಗಿದ್ದಳು. ತಾನು ಬಂದಿದ್ದ. ಅವತ್ತು ಇನ್ನೂ ಎಷ್ಟೋ ಊರಿಗೆ ಹೋಗೋದಿತ್ತು. ಬಂದದ್ದು ನೆನಪಿತ್ತು. ಅವತ್ತು ಈ ಮನೆ ಹೇಗಿತ್ತು ಅನ್ನೋದು ನೆನಪಿರಲಿಲ್ಲ.

"ನನ್ನ ಹೊರಗ ಹಾಕ್ತೀರಂತ ಸುದ್ದಿ ಬಂತ್ರಿ," ಅಂದ ದ್ಯಾಮಣ್ಣ. "ಹಾಕ್ರಿ. ನನಗ ಬ್ಯಾಸರಿಲ್ಲ. ಊರು ಹಿಡಿದಿಡೋದು ನನ್ನ ಕಡಿಂದ ಆಗಲಿಲ್ಲ. ತಪ್ಪು ನಂದ."

"ನಿಂದ್ಯಾಕೋ ಯಣ್ಣಾ ತಪ್ಪು?"

ಬಾಗಿಲಲ್ಲಿ ಒಬ್ಬಳು ಬಂದು ನಿಂತಿದ್ದಳು. ಬಾಜೂ ಮನೆಯ ಗೌರವ್ವ. ಸೆರಗು ಸೊಂಟಕ್ಕೆ ಸಿಗಿಸಿಕೊಂಡಿದ್ದಳು.

"ಗೌರವ್ವಾ, ದೊಡ್ಡವರು ಬಂದಾರ. ಸುಮ್ಮನಿರವಾ."

"ಸುಮ್ಮನಿದ್ದೆ. ಓಟಿನ ದಿನ ಮಷಿನ್ ಮುಂದ ಮಾತಾಡಿದೆ. ಇವತ್ತ ಮಾರಿ ಮುಂದ ಮಾತಾಡ್ತೀನಿ." ಈರಬಸಪ್ಪನ ಕಡೆ ತಿರುಗಿದಳು. "ಯಾಕ್ ಬಂದ್ರಿ ಸಾಹೇಬ್ರ? ಓಟು ಮುಗದಾವಲ್ಲ?"

ಈರಬಸಪ್ಪ ಬಾಯಿ ತೆಗೆದ. ಅಜ್ಜನ ಕಡೆ ನೋಡಿ ಮುಚ್ಚಿದ. ಆಮೇಲೆ ಇಷ್ಟೇ ಅಂದ. "ಯಾಕ್ ಹಾಕಲಿಲ್ಲ ಅಂತ ಕೇಳಾಕ ಬಂದೇನವ್ವಾ."

ಗೌರವ್ವ ಈ ಉತ್ತರಕ್ಕೆ ತಯಾರಿರಲಿಲ್ಲ. ಹೊಸ್ತಿಲ ಒಳಗೆ ಬಂದು ಕೂತಳು.

"ಅವತ್ತ ಹೆಣ ಇನ್ನೂ ಇಲ್ಲೇ ಇತ್ರಿ. ಈ ಪಡಸಾಲ್ಯಾಗ. ನೀವು ಬಂದ್ರಿ. ನಿಮ್ಮ ಹಿಂದ ನಿಮ್ಮ ಮಂದಿ. ಎಲ್ಲಾರ ಹೆಗಲ ಮ್ಯಾಲೂ ಶಾಲು. ಹಾರ ಹಾಕಿದ್ರಿ, ಫೋಟೋ ಹೊಡಿಸ್ಕೊಂಡ್ರಿ. ತಡಕೊಂಡ್ವಿ. ರಾಜಕೀಯದವರು ಇರೋದ ಹಂಗ ಅಂದ್ವಿ. ಹೊಂಡುವಾಗ ಏನಂದ್ರಿ?"

ಈರಬಸಪ್ಪನಿಗೆ ನೆನಪಾಗಲಿಲ್ಲ.

"ಬಾಗಲದಾಗ ನಿಂತು, ಎರಡೂ ಕೈ ಮುಗದು, ನಗಕೋತ ಅಂದ್ರಿ. ಮತ್ತ ಬರ್ತೀವ್ರಿ, ಮರೀಬ್ಯಾಡ್ರಿ ಅಂತ."

ದ್ಯಾಮಣ್ಣ ತಲೆ ತಗ್ಗಿಸಿದ.

ಸಾವಿನ ಮನೆಯಿಂದ ಹೊರಡುವವರು ಬರ್ತೀನಿ ಅನ್ನೋದಿಲ್ಲ. ಅಂದರೆ ಆ ಮನೆಯಲ್ಲಿ ಇನ್ನೊಂದು ಸಾವು ಬೇಡಿದ ಹಾಗೆ. ಎದ್ದು, ಹಿಂದೆ ನೋಡದೆ, ಸುಮ್ಮನೆ ನಡೆಯೋದು. ಇದು ಸಣ್ಣ ಮಕ್ಕಳಿಗೂ ಗೊತ್ತು. ಈರಬಸಪ್ಪನಿಗೂ ಗೊತ್ತು. ಆದರೆ ಆ ದಿನಗಳಲ್ಲಿ ಅವನು ಪ್ರತಿ ಹೊಸ್ತಿಲಲ್ಲೂ ಆ ಮಾತು ಆಡಿದ್ದ. ಬಾಯಿಗೆ ರೂಢಿಯಾಗಿತ್ತು. ನಿಂತ ಮನೆ ಯಾವುದು ಅಂತ ಬಾಯಿ ನೋಡಲಿಲ್ಲ.

ಗೌರವ್ವನ ದನಿ ತಗ್ಗಿತು.

"ದಿನಕರ್ಮ ಮುಗದ ಮರುದಿನಾನ ಈ ದ್ಯಾಮಣ್ಣ ಓಟಿನ ಚೀಟಿ ಹಿಡ್ಕೊಂಡು ನಮ್ಮ ಮನಿಮನಿಗೆ ಬಂದ. ನಮ್ಮ ಪಕ್ಷಕ್ಕ ಹಾಕ್ರಿ ಅಂತ ಬೇಡಿಕೊಂಡ. ಅವನ ಮಾರಿ ನೋಡಾಕ ಆಗಲಿಲ್ರಿ ನಮಗ. ಹೆಣ್ಮಕ್ಕಳೆಲ್ಲಾ ಬಾವಿ ಕಡೆ ಕೂಡಿ ಮಾತಾಡ್ಕೊಂಡ್ವಿ. ಇಂಥಾವನ ಮನ್ಯಾಗ ನಿಂತು ಹಂಗಂದವರಿಗೆ ಹಾಕಬಾರದು. ಗಂಡಸರಿಗೂ ಹೇಳಿದ್ವಿ. ಅವನ ಮ್ಯಾಲ ನಮ್ಮ ಜೀವ ಐತ್ರಿ. ಅದಕ್ಕ ಹಾಕಲಿಲ್ಲ."

ದ್ಯಾಮಣ್ಣ ತಲೆ ಎತ್ತಿದ. ಇದು ಅವನಿಗೂ ಹೊಸ ಸುದ್ದಿ.

"ನನಗ ಒಂದ ಮಾತು ಹೇಳಲಿಲ್ಲಲ್ಲವಾ."

"ಹೇಳಿದ್ರ ನೀ ಕೇಳ್ತಿದ್ದೇನು? ಮತ್ತ ಚೀಟಿ ಹಿಡ್ಕೊಂಡು ಬರ್ತಿದ್ದಿ."

ಈರಬಸಪ್ಪ ಎರಡೂ ಕೈ ಜೋಡಿಸಿದ. ಭಾಷಣದ ಮಾತುಗಳೇ ಬಾಯಿಗೆ ಬಂದವು. "ಈ ಸಂದರ್ಭದಲ್ಲಿ ನಾನು..." ಅಂದ.

ಅಜ್ಜ ಅವನ ಮೊಣಕಾಲ ಮೇಲೆ ಕೈ ಇಟ್ಟರು.

ಈರಬಸಪ್ಪ ನಿಲ್ಲಿಸಿದ. ಕೈ ಕೆಳಗಿಳಿಸಿದ. ಸುಮ್ಮನೆ ಕೂತ. ಅಷ್ಟು ಹೊತ್ತು ಸುಮ್ಮನೆ ಕೂತು ಅವನಿಗೆ ವರ್ಷಗಳೇ ಆಗಿದ್ದವು. ಹೊರಗೆ ಕೋಳಿ ಕೆದರೋ ಸದ್ದು ಕೇಳಿಸಿತು.

ಆಮೇಲೆ ಫೋಟೋ ಕಡೆ ನೋಡಿ ಕೇಳಿದ.

"ಅಕ್ಕಾರ ಹೆಸರು ಏನಿತ್ತಣ್ಣಾ?"

ದ್ಯಾಮಣ್ಣನೂ ಫೋಟೋ ಕಡೆ ತಿರುಗಿದ.

"ನೀಲವ್ವ ರೀ."

ಎದ್ದು ಫೋಟೋದ ಹಾರ ಸರಿ ಮಾಡಿದ. "ಪ್ರಚಾರಕ್ಕ ಬಂದಾಗೆಲ್ಲಾ ನೀವು ಇಲ್ಲೇ ಉಣ್ತಿದ್ರಲ್ರಿ, ಆ ರೊಟ್ಟಿ ಬಡಿದಾಕಿ ಆಕಿನ. ನಿಮಗ ಕೆಂಪು ಖಾರ ಸೇರ್ತೈತಿ ಅಂತ ಬ್ಯಾರೆ ಬಟ್ಟಲದಾಗ ತಗದಿಡಾಕಿ. ಅಧ್ಯಕ್ಷರು ಅಂತಿದ್ದಿಲ್ಲ ನಿಮಗ. ನಮ್ಮ ಈರಬಸಪ್ಪ ಹೊಟ್ಟಿ ತುಂಬ ಉಂಡನೇನು, ಅಂತ ಕೇಳಾಕಿ."

ಅವನ ಕಣ್ಣು ಅಡಿಗೆಮನೆ ಕಡೆ ಹೋಯಿತು.

"ಮುಂಜಾನಿ ಎದ್ದ ಕೂಡ್ಲೆ ಈಗೂ ಒಲಿ ಕಡೆ ನೋಡ್ತೀನ್ರಿ. ಹೊಗಿ ಇರಾಂಗಿಲ್ಲ."

ಖಾರದ ರುಚಿ ಈರಬಸಪ್ಪನ ನಾಲಿಗೆಗೆ ನೆನಪಿತ್ತು. ಅದನ್ನು ಬಡಿಸಿದವಳ ಮುಖ ನೋಡಲು ಫೋಟೋ ಬೇಕಾಯಿತು. ಅವನು ಅತ್ತ. ವೇದಿಕೆಯ ಮೇಲೆ ಎಷ್ಟೋ ಸಲ ಅತ್ತವನು ಅವನು. ಆದರೆ ಈಗ ಮುಖ ಮುಚ್ಚಿಕೊಂಡು ಅತ್ತ.

ಗೌರವ್ವ ಎದ್ದು ಹೋಗಿ ಒಂದು ತಂಬಿಗೆ ನೀರು ತಂದು ಅವನ ಮುಂದೆ ಇಟ್ಟಳು.

ಕುಡಿದು ಎದ್ದ. ಅಜ್ಜನೂ ಎದ್ದರು. ಯಾರೂ ಏನೂ ಅನ್ನಲಿಲ್ಲ. ಹಿಂದೆ ನೋಡದೆ ನಡೆದರು.

ಹೊಳೆಯಲ್ಲಿ ಈರಬಸಪ್ಪ ಕೇಳಿದ. "ಅಜ್ಜಾರ, ನಿಮಗ ಇದೆಲ್ಲಾ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿದ್ರ ಈ ವಯಸ್ನ್ಯಾಗ ಹೊಳಿ ಯಾಕ್ ದಾಟ್ತಿದ್ದೆ?"

ಇನ್ನೂ ಸ್ವಲ್ಪ ನಡೆದರು.

"ಸೋಲಿಸಿದಾಂವ ನಾನ. ನಾಳೆ ರಾಜೀನಾಮೆ ಕೊಡ್ತೀನಿ."

"ಕೊಟ್ಟು?"

"ಮನ್ಯಾಗ ಕುಂದರ್ತೀನ್ರಿ."

"ಗೆಲ್ಲಬೇಕಾದಾಗ ಮಂದಿ ಮನ್ಯಾಗ ಕುಂದರ್ತಿ. ಸೋತಾಗ ನಿನ್ನ ಮನ್ಯಾಗ ಕುಂದರ್ತಿ. ಚಲೋ ಐತಿ ನಿಂದು."



ಮರುದಿನ ಪಟ್ಟಣದ ಕಲ್ಯಾಣಮಂಟಪ ತುಂಬಿತ್ತು. ದ್ಯಾಮಣ್ಣನ ಹೆಸರು ಹಿಡಿದು ಕೂಗಾಡುತ್ತಿದ್ದರು. ಈರಬಸಪ್ಪ ಎದ್ದು ನಿಂತ. ತಾನು ಕಡೇಕೊಪ್ಪದ ಸಾವಿನ ಮನೆಯಲ್ಲಿ ಏನಂದೆ ಅನ್ನೋದನ್ನು ಹೇಳಿದ. ಊರು ಯಾಕೆ ಬಿಟ್ಟಿತು ಅನ್ನೋದನ್ನು ಹೇಳಿದ. ಒಂದು ಮಾತೂ ಮುಚ್ಚಿಡಲಿಲ್ಲ, ಒಂದು ಮಾತೂ ಬೆಳೆಸಲಿಲ್ಲ.

ಮಹಾರುದ್ರ ಹಿಂದಿನಿಂದ ಅವನ ಜುಬ್ಬಾ ಜಗ್ಗಿದ. "ಸಾಹೇಬ್ರ, ಪೇಪರಿನವರು ಅದಾರ."

"ಬರಕೊಳ್ಳಲಿ."



"ದ್ಯಾಮಣ್ಣನ್ನ ಹೊರಗ ಹಾಕೋದಾದ್ರ ಮೊದಲ ನನ್ನ ಹಾಕ್ರಿ," ಅಂದ ಈರಬಸಪ್ಪ. "ಹಾಕೂದಿಲ್ಲ ಅಂದ್ರ ನಾಳಿಂದ ಓಟು ಹಾಕದ ಊರಿಗೆ ಹೋಗ್ರಿ. ಒಬ್ಬೊಬ್ಬರ ಹೋಗ್ರಿ. ಶಾಲು ಬ್ಯಾಡ, ಕಾರು ಬ್ಯಾಡ. ಯಾಕ್ ಹಾಕಲಿಲ್ಲ ಅಂತ ಕೇಳ್ರಿ. ಅವರು ಹೇಳಿದ್ದಕ್ಕ ಉತ್ತರ ಕೊಡಬ್ಯಾಡ್ರಿ."

ಕೆಲವರು ಎದ್ದು ಹೋದರು. ಮುಂದಿನ ಸಾಲಿನ ಕುರ್ಚಿಗಳೇ ಮೊದಲು ಖಾಲಿಯಾದವು. ಉಳಿದವರು ಉಳಿದರು. ದ್ಯಾಮಣ್ಣನ ಹೆಸರು ಮತ್ತೆ ಯಾರೂ ಎತ್ತಲಿಲ್ಲ. ಅಧ್ಯಕ್ಷನ ಕುರ್ಚಿ ಉಳಿಯುತ್ತದೋ ಇಲ್ಲವೋ ಅಂತ ಅವತ್ತು ಯಾರಿಗೂ ಗೊತ್ತಾಗಲಿಲ್ಲ. ಈರಬಸಪ್ಪನೂ ಕೇಳಲಿಲ್ಲ. ಮರುದಿನ ಮುಂಜಾನೆ ಓಟು ಹಾಕದ ಇನ್ನೊಂದು ಊರಿಗೆ ಒಬ್ಬನೇ ಬಸ್ಸು ಹತ್ತಿದ.

ಮಳೆಗಾಲ ಬಂತು. ಹೋಯಿತು. ಹೊಳೆ ತುಂಬಿ ಇಳಿಯಿತು.

ಒಂದು ದಿನ ಈರಬಸಪ್ಪ ಮಠಕ್ಕೆ ನಡೆದುಕೊಂಡು ಬಂದ. ಮುಖ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು. ಕಾಲಿಗೆ ಕೆಸರು ಮೆತ್ತಿತ್ತು. ಅಜ್ಜ ಅವನಿಗೆ ಮಜ್ಜಿಗೆ ಕೊಟ್ಟರು.

"ಹೆಂಗ ನಡದೈತಿ?"

"ಬೈಸ್ಕೊಳೋದು ನಡದೈತ್ರಿ ಅಜ್ಜಾರ. ಒಬ್ಬ ಮುದುಕ ಮುಂಜಾನಿಂದ ಸಂಜಿ ತನಕ ಬೈದ. ನಡುವ ಊಟಕ್ಕ ಕರದ. ಉಂಡ ಮ್ಯಾಲ ಮತ್ತ ಬೈದ. ಇನ್ನೊಂದೂರಾಗ ನಾಯಿ ಬಿಟ್ರು."

"ಕಡೀತೇನು?"

"ನನಗಲ್ರಿ. ಅಲ್ಲಿಗೆ ಹೋದಾಂವ ಮಹಾರುದ್ರ, ಅವಗ ಕಡೀತು."

ಅಜ್ಜ ಗಟ್ಟಿಯಾಗಿ ನಕ್ಕರು. "ಅಂವಾನೂ ಹೊಂಟಾನೇನು?"

"ಹೊಂಟಾನ್ರಿ. ಬಾಯಿ ಮುಚ್ಚಿಕೊಂಡು ಕುಂದ್ರೋದು ಕಲ್ತಾನ. ಅವನ ಹೆಂಡ್ತಿಗೆ ಬೆರಗಾಗೇತಿ."

ಮಜ್ಜಿಗೆ ಮುಗಿಯಿತು. ಈರಬಸಪ್ಪನ ಮುಖದಲ್ಲಿ ಬಹಳ ದಿನದ ಮೇಲೆ ಒಂದು ಸಮಾಧಾನ ಕಂಡಿತು.

"ಒಂದ ಊರು ಮಾತ್ರ ಭಾಳ ಚಲೋ ಐತ್ರಿ. ಹೊನ್ನಿಕೊಪ್ಪ. ಅವರೂ ನಮಗ ಓಟು ಹಾಕಿರಲಿಲ್ಲ, ಆದ್ರ ಅಲ್ಲಿ ಒಬ್ಬರೂ ಒಂದ ಮಾತು ಬೈಲಿಲ್ಲ. ಕುರ್ಚಿ ಹಾಕಿದ್ರು, ಚಾ ಕೊಟ್ರು. ನಮಗೇನೂ ತಕರಾರಿಲ್ಲ ಸಾಹೇಬ್ರ, ಎಲ್ಲಾ ಚಲೋ ಐತಿ ಅಂದ್ರು. ಹಾರ ಹಾಕಿ ಕಳಿಸಿದ್ರು. ಆ ಊರಿನ ಚಿಂತಿ ಬಿಟ್ಟೆ ನಾ."

ಅಜ್ಜನ ಮುಖದ ನಗು ಹೋಯಿತು.

"ನಾಳೆ ಮೊದಲ ಆ ಊರಿಗೆ ಹೋಗು."